ಮೊದಲ ಹೈಡ್ರಾಲಿಕ್ ಆರ್‌ಸಿ ಎಕ್ಸ್‌ಕವೇಟರ್: ಆಯ್ಕೆಯಿಂದ ಮೊದಲ ಬಕೆಟ್ ಮಣ್ಣಿನವರೆಗೆ ಸಮಗ್ರ ಮಾರ್ಗದರ್ಶಿ

ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ, ರಿಮೋಟಿನಿಂದ ಓಡಿಸುವ (ಆರ್‌ಸಿ, ಅಂದರೆ ರೇಡಿಯೊ ನಿಯಂತ್ರಿತ) ಪುಟ್ಟ ಹೈಡ್ರಾಲಿಕ್ ಮಾದರಿ ಯಂತ್ರವನ್ನು ಕೊಂಡ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎಣ್ಣೆ ಸೋರಿಕೆ ಎದುರಾಗುತ್ತದೆ. ಅದು ಯಂತ್ರ ಕಳಪೆ ಎಂಬುದರ ಗುರುತೇನೂ ಅಲ್ಲ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆಗಳಲ್ಲಿ, ಕಿರುಬೆರಳಿನ ಉಗುರಿನಷ್ಟು ಚಿಕ್ಕದಾದ, ಎಣ್ಣೆ ತಡೆಯುವ ಸೀಲುಗಳ ಹಿಂದೆ ಮೂವತ್ತು ಬಾರ್ ಒತ್ತಡದ ಎಣ್ಣೆ ಓಡಾಡುವಾಗ ಅದು ಎಲ್ಲೋ ಒಂದು ಕಡೆ ದಾರಿ ಹುಡುಕಿಕೊಳ್ಳುವುದು ಸಹಜ. ಆ ದಿನ ನೀವೇ ಯಂತ್ರವನ್ನು ಬಿಚ್ಚಿ, ಸೋರುವ ಸೀಲನ್ನು ಬದಲಿಸಿ, ಸಂಜೆಯೊಳಗೆ ಮತ್ತೆ ಮಣ್ಣು ಅಗೆಯುತ್ತೀರೋ ಅಥವಾ ಯಂತ್ರ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುತ್ತದೆಯೋ ಎಂಬುದು ಬಹುಪಾಲು ಕೊಳ್ಳುವಾಗಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಮುಂದಿನ ಸಲಹೆಗಳೆಲ್ಲವೂ ಒಂದೇ ಅಳತೆಗೋಲನ್ನು ಹಿಡಿದು ಬರೆದವು: ಮೊದಲ ಯಂತ್ರ ನಿಮ್ಮ ಕೈಯಿಂದಲೇ ಬಿಚ್ಚಿ ಜೋಡಿಸಬಲ್ಲಂಥದ್ದಾಗಿರಬೇಕು.

ಮೊದಲ ಹೆಜ್ಜೆ: ಹೈಡ್ರಾಲಿಕ್ ನಿಜವಾಗಿಯೂ ಬೇಕೇ ಎಂದು ತೀರ್ಮಾನಿಸುವುದು

ರೇಡಿಯೊ ನಿಯಂತ್ರಿತ ಎಕ್ಸ್‌ಕವೇಟರ್‌ಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯಲ್ಲಿ ಸಣ್ಣ ವಿದ್ಯುತ್ ಮೋಟಾರುಗಳು ಗೇರು ಅಥವಾ ತಿರುಪು ದಂಡದ ಮೂಲಕ ಬೂಮ್ (ದೇಹಕ್ಕೆ ಸೇರಿದ ದೊಡ್ಡ ತೋಳು), ಆರ್ಮ್ (ಅದರ ತುದಿಯ ಚಿಕ್ಕ ತೋಳು) ಮತ್ತು ಬಕೆಟ್‌ಗಳನ್ನು ಎಳೆದು ತಳ್ಳುತ್ತವೆ. ಹೊರಗೆ ಸಿಲಿಂಡರ್‌ನಂತೆ ಕಾಣುವ ಭಾಗದೊಳಗೆ ಎಣ್ಣೆ ಇರುವುದಿಲ್ಲ. ಚೀನಾದ ಹುಯಿನಾ ಸಂಸ್ಥೆಯ ಜನಪ್ರಿಯ 1580 ಇಂಥದ್ದು. ಇನ್ನೊಂದು ಬಗೆಯಲ್ಲಿ ದೊಡ್ಡ ಯಂತ್ರದಲ್ಲಿರುವಂತೆಯೇ ಟ್ಯಾಂಕ್, ಪಂಪ್, ವಾಲ್ವ್, ಕೊಳವೆ ಮತ್ತು ಸಿಲಿಂಡರ್ ಎಲ್ಲವೂ ಇರುತ್ತವೆ. ಲೆಸು ಸಂಸ್ಥೆಯ ಹೈಡ್ರಾಲಿಕ್ ಎಕ್ಸ್‌ಕವೇಟರ್‌ಗಳು ಮತ್ತು ಅಮೆರಿಕದ ಆರ್‌ಸಿ4ಡಬ್ಲ್ಯುಡಿಯ ಅರ್ಥ್ ಡಿಗರ್ 360ಎಲ್ ಈ ಸಾಲಿಗೆ ಸೇರುತ್ತವೆ.

ವಿದ್ಯುತ್ ಬಗೆಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಕೊಳ್ಳುವವರು ಮಗುವಿಗಾಗಿ ಕೊಳ್ಳುತ್ತಿದ್ದರೆ, ಯಂತ್ರ ರತ್ನಗಂಬಳಿಯ ಮೇಲೆಯೇ ಓಡುವುದಿದ್ದರೆ ಅಥವಾ ಎಣ್ಣೆ ಮೆತ್ತಿದ ಕೈ ಇಷ್ಟವಾಗದಿದ್ದರೆ ಅದೇ ಸರಿಯಾದ ಆಯ್ಕೆ. ಹೈಡ್ರಾಲಿಕ್‌ನ ಲಾಭ ಕಾಣುವುದು ನಿಜವಾದ ಮಣ್ಣನ್ನು ಅಗೆಯುವಾಗ. ಬಕೆಟ್ ಕಲ್ಲಿಗೆ ತಾಗಿದಾಗ ವಿದ್ಯುತ್ ಯಂತ್ರದ ಗೇರು ಹಲ್ಲು ಮುರಿದುಕೊಳ್ಳಬಹುದು. ಹೈಡ್ರಾಲಿಕ್ ಯಂತ್ರದಲ್ಲಾದರೆ ಹೆಚ್ಚಾದ ಒತ್ತಡವನ್ನು ರಿಲೀಫ್ ವಾಲ್ವ್ ಟ್ಯಾಂಕಿಗೆ ಬಿಟ್ಟುಬಿಡುತ್ತದೆ, ಯಂತ್ರ ಅಲ್ಲೇ ನಿಲ್ಲುತ್ತದೆ, ಯಾವ ಭಾಗಕ್ಕೂ ಪೆಟ್ಟಾಗುವುದಿಲ್ಲ. ರಿಮೋಟಿನ ಲಿವರನ್ನು ಕೂದಲೆಳೆಯಷ್ಟು ಸರಿಸಿದರೆ ಬೂಮ್ ಕೂದಲೆಳೆಯಷ್ಟೇ ಏಳುವ ಆ ನಯವೂ ಎಣ್ಣೆಯಿಂದಲೇ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾರಾಟದ ಜಾಹೀರಾತುಗಳಲ್ಲಿ ‘ಹೈಡ್ರಾಲಿಕ್’ ಎಂಬ ಪದವನ್ನು ಹೊರನೋಟಕ್ಕೂ ಬಳಸುತ್ತಾರೆ. ಪಂಪಿನ ಗರಿಷ್ಠ ಒತ್ತಡ ಎಷ್ಟು, ವಾಲ್ವ್‌ನಲ್ಲಿ ಎಷ್ಟು ಸೆಕ್ಷನ್‌ಗಳಿವೆ (ಒಂದು ಚಲನೆಗೆ ಒಂದು), ಸಿಲಿಂಡರಿನ ಒಳವ್ಯಾಸ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಎಣ್ಣೆಯ ಯಂತ್ರವನ್ನು ಮಾರುವವರು ಇವಕ್ಕೆ ಅಂಕಿಗಳಲ್ಲೇ ಉತ್ತರ ಕೊಡುತ್ತಾರೆ.

ಎರಡನೆಯ ಹೆಜ್ಜೆ: ಯಾವ ಯಂತ್ರ?

ಕರ್ನಾಟಕದ ಊರುಗಳಲ್ಲಿ ಚೈನಿನ ಮೇಲೆ ಓಡುವ ಎಕ್ಸ್‌ಕವೇಟರ್‌ಗೆ ‘ಹಿಟಾಚಿ’ ಎಂದೂ, ಮುಂದೆ ಲೋಡರ್ ಹಿಂದೆ ಬಕೆಟ್ ಇರುವ ಚಕ್ರದ ಯಂತ್ರಕ್ಕೆ ‘ಜೆಸಿಬಿ’ ಎಂದೂ ಹೆಸರು ನಿಂತುಹೋಗಿದೆ. ಕಣ್ಣೆದುರು ದಿನವೂ ಕಾಣುವ ಜೆಸಿಬಿಯ ಮಾದರಿಯೇ ಮೊದಲು ಬೇಕೆಂದು ಆಸೆಪಡುವವರು ನಮ್ಮಲ್ಲಿ ಬಹಳ. ಆ ಆಸೆಯನ್ನು ಸ್ವಲ್ಪ ಕಾಲ ಮುಂದೂಡಿ ಎಂದು ನಾನು ಒತ್ತಿ ಹೇಳುತ್ತೇನೆ. ಲೋಡರ್ ಏರಿಳಿತ, ಲೋಡರ್ ಬಕೆಟ್, ಹಿಂದಿನ ಬೂಮ್, ಆರ್ಮ್, ಬಕೆಟ್, ಪಕ್ಕಕ್ಕೆ ತಿರುಗಿಸುವ ಚಲನೆ ಮತ್ತು ಎರಡು ಊರುಗಾಲುಗಳು ಸೇರಿ ಬ್ಯಾಕ್‌ಹೋ ಲೋಡರ್‌ನಲ್ಲಿ, ಅಂದರೆ ಈ ಜೆಸಿಬಿಯಲ್ಲಿ, ಎಂಟು ಹೈಡ್ರಾಲಿಕ್ ಚಲನೆಗಳಿರುತ್ತವೆ. ಪುಟ್ಟ ದೇಹದೊಳಗೆ ಎಂಟು ಸೆಕ್ಷನ್‌ಗಳ ವಾಲ್ವ್ ಮತ್ತು ಹದಿನಾರು ಕೊಳವೆಗಳನ್ನು ತುರುಕಿದಾಗ ಒಂದು ಕೊಳವೆ ಸೋರಿದರೂ ಉಳಿದ ಹದಿನೈದನ್ನು ಸರಿಸಿಯೇ ಅದನ್ನು ತಲುಪಬೇಕಾಗುತ್ತದೆ.

ಟಿಪ್ಪರ್ ಲಾರಿಗೆ ಒಂದೇ ಚಲನೆ, ವೀಲ್ ಲೋಡರ್‌ಗೆ ಎರಡು ಅಥವಾ ಮೂರು. ಎಕ್ಸ್‌ಕವೇಟರ್‌ಗೆ ಬೂಮ್, ಆರ್ಮ್, ಬಕೆಟ್ ಎಂದು ಮೂರು ಹೈಡ್ರಾಲಿಕ್ ಚಲನೆಗಳು. ಮೇಲಿನ ಭಾಗ ತಿರುಗುವುದೂ ಚೈನು ಓಡುವುದೂ ಬಹುತೇಕ ಮಾದರಿಗಳಲ್ಲಿ ಗೇರ್ ಮೋಟಾರಿನಿಂದಲೇ. ಲೆಕ್ಕಕ್ಕೆ ಲೋಡರ್ ಸುಲಭವೆಂದು ಕಂಡರೂ ಅದಕ್ಕೆ ಮುಂದೆ ಹಿಂದೆ ಓಡಾಡಲು ಕೋಣೆಯಷ್ಟು ಜಾಗ ಬೇಕು. ಎಕ್ಸ್‌ಕವೇಟರ್ ನಿಂತಲ್ಲೇ ನಿಂತು ಕೆಲಸ ಮಾಡುತ್ತದೆ. ಬಾಲ್ಕನಿಯಲ್ಲಿ ಮೂರು ಅಡಿ ಉದ್ದದ ಮಣ್ಣಿನ ತಟ್ಟೆ ಇಟ್ಟರೂ ಅದಕ್ಕೆ ವಾರಗಟ್ಟಲೆ ಕೆಲಸವಿರುತ್ತದೆ. ಮೇಲಾಗಿ ಮಾರುಕಟ್ಟೆಯಲ್ಲಿ ಹೆಚ್ಚು ಬಿಡಿಭಾಗಗಳು ಸಿಗುವುದೂ ಇದಕ್ಕೇ. ಆದ್ದರಿಂದ ಮೊದಲ ಯಂತ್ರವಾಗಿ ಲೋಹದ ದೇಹದ, ಚೈನಿನ, ಮೂರು ಚಲನೆಯ ಸಾದಾ ಎಕ್ಸ್‌ಕವೇಟರನ್ನೇ ನಾನು ಸೂಚಿಸುತ್ತೇನೆ. ಕಲ್ಲು ಒಡೆಯುವ ಬ್ರೇಕರ್, ಹಿಡಿದೆತ್ತುವ ಗ್ರ್ಯಾಬ್ ಮತ್ತು ತಾನಾಗಿ ಬಕೆಟ್ ಬದಲಿಸುವ ಕಪ್ಲರ್ ಎರಡನೆಯ ವರ್ಷಕ್ಕಿರಲಿ; ಆದರೆ ಮುಂದೆ ಒಂದು ಚಲನೆಯನ್ನು ಸೇರಿಸಲು ವಾಲ್ವ್‌ನಲ್ಲಿ ನಾಲ್ಕನೆಯ ಸೆಕ್ಷನ್ ಖಾಲಿ ಇದ್ದರೆ ಒಳ್ಳೆಯದು.

ಮೂರನೆಯ ಹೆಜ್ಜೆ: ಅಳತೆ ಮತ್ತು ತೂಕ

ಈ ಹವ್ಯಾಸದಲ್ಲಿ 1:14 ಅಳತೆ (ನಿಜ ಯಂತ್ರದ ಹದಿನಾಲ್ಕನೆಯ ಒಂದು ಪಾಲು ಉದ್ದ) ಬೇರೂರಿರುವುದಕ್ಕೆ ಜಪಾನಿನ ತಮಿಯಾ ಸಂಸ್ಥೆಯ 1:14 ಲಾರಿಗಳು ಒಂದು ದೊಡ್ಡ ಕಾರಣ. ಎಕ್ಸ್‌ಕವೇಟರ್ ತುಂಬಿದ ಮಣ್ಣನ್ನು ಸಾಗಿಸಲು ಟಿಪ್ಪರ್ ಬೇಕು, ಎರಡರ ಅಳತೆಯೂ ಹೊಂದಬೇಕು. ಜರ್ಮನಿಯ ವೆಡಿಕೊ ಬಳಸಿದ 1:14.5 ಕೂಡ ಕಣ್ಣಿಗೆ ಇದರೊಡನೆ ಹೊಂದುತ್ತದೆ. 1:12 ಇನ್ನೂ ದೊಡ್ಡದು, ಕೈಯಾಡಿಸಲು ಸಲೀಸು. ಆದರೆ ತೂಕ ಮತ್ತು ಬೆಲೆ ಎರಡೂ ಏರುತ್ತವೆ. 1:14ಕ್ಕಿಂತ ಚಿಕ್ಕದನ್ನು ಮೊದಲಿಗೆ ಆರಿಸಬೇಡಿ, ಏಕೆಂದರೆ ಫಿಟ್ಟಿಂಗುಗಳು ಚಿಕ್ಕದಾದಷ್ಟೂ ರಿಪೇರಿ ಕಷ್ಟವಾಗುತ್ತದೆ.

ಅಳತೆಯ ಗಣಿತ ಒಮ್ಮೆ ಅರ್ಥವಾದರೆ ಬಹಳಷ್ಟು ಗೊಂದಲ ಕಳೆಯುತ್ತದೆ. ಉದ್ದ 14 ಪಟ್ಟು ಕಡಿಮೆಯಾದಾಗ ಗಾತ್ರ 14ರ ಘನ, ಅಂದರೆ 2744 ಪಟ್ಟು ಕಡಿಮೆಯಾಗುತ್ತದೆ. ಧಾರವಾಡದಲ್ಲಿ ಕಾರ್ಖಾನೆ ಹೊಂದಿರುವ ಟಾಟಾ ಹಿಟಾಚಿಯ 20 ಟನ್ ವರ್ಗದ ಯಂತ್ರವೊಂದನ್ನು ಈ ಲೆಕ್ಕದಲ್ಲಿ ಇಳಿಸಿದರೆ ಸುಮಾರು 7.3 ಕಿಲೋ ಬರುತ್ತದೆ. 36 ಟನ್ ಯಂತ್ರವಾದರೆ 13 ಕಿಲೋ. ಮೂರು ಕಿಲೋ ತೂಗುವ ‘ಹೈಡ್ರಾಲಿಕ್’ ಯಂತ್ರ ತುಂಬಿದ ಬಕೆಟನ್ನು ಎತ್ತುವಾಗ ತಾನೇ ಮುಂದಕ್ಕೆ ಮುಗ್ಗರಿಸುತ್ತದೆ. ಹಿಂಭಾಗದ ಕೌಂಟರ್‌ವೇಟ್ (ಸಮತೋಲನದ ಭಾರ) ಘನ ಲೋಹದ್ದೇ ಎಂದು ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪಂಪ್, ವಾಲ್ವ್, ಸಿಲಿಂಡರ್ — ಆಯ್ಕೆಯ ತಿರುಳು

ಕ್ಯಾಬಿನ್ನಿನ ದೀಪಗಳು, ಹಳದಿ ಬಣ್ಣದ ಮೆರುಗು, ಎಂಜಿನ್ನಿನ ಧ್ವನಿ ಇವೆಲ್ಲವೂ ಸಂತೋಷ ಕೊಡುತ್ತವೆ, ನಿಜ. ಆದರೆ ಹಣ ಸಲ್ಲಬೇಕಾದದ್ದು ಎಂಜಿನ್ ಹುಡ್ಡಿನ ಕೆಳಗಿನ ಮೂರು ಭಾಗಗಳಿಗೆ.

ಒತ್ತಡದಿಂದ ಆರಂಭಿಸೋಣ. ದೊಡ್ಡ ಯಂತ್ರಗಳು ಸುಮಾರು 34–35 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಮಾದರಿಗಳಿಗೆ 2.5ರಿಂದ 4 ಮೆಗಾಪ್ಯಾಸ್ಕಲ್, ಅಂದರೆ 25ರಿಂದ 40 ಬಾರ್ ಸಾಕು. ಇಷ್ಟು ಕಡಿಮೆ ಹೇಗೆ ಸಾಲುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. 10 ಮಿ.ಮೀ. ಒಳವ್ಯಾಸದ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 78.5 ಚದರ ಮಿ.ಮೀ. ಅದಕ್ಕೆ 3 ಮೆಗಾಪ್ಯಾಸ್ಕಲ್ ಒತ್ತಡ ಕೊಟ್ಟರೆ 235 ನ್ಯೂಟನ್, ಅಂದರೆ ಸುಮಾರು 24 ಕಿಲೋ ಭಾರದಷ್ಟು ತಳ್ಳುವ ಬಲ ಸಿಗುತ್ತದೆ. ಹಿಂದಕ್ಕೆ ಎಳೆಯುವಾಗ ರಾಡ್ ಸ್ವಲ್ಪ ಜಾಗವನ್ನು ಕಸಿದುಕೊಳ್ಳುವುದರಿಂದ, 5 ಮಿ.ಮೀ. ರಾಡ್ ಇದ್ದರೆ, ಬಲ 177 ನ್ಯೂಟನ್‌ಗೆ ಇಳಿಯುತ್ತದೆ. ಇನ್ನು ಬಕೆಟ್ಟಿನ ಹೊರೆಯನ್ನು ನೋಡಿ. 20 ಟನ್ ಯಂತ್ರದ ಬಕೆಟ್ ಸುಮಾರು 0.9 ಘನ ಮೀಟರ್; 1:14ರಲ್ಲಿ ಅದು ಲೀಟರಿನ ಮೂರನೆಯ ಒಂದು ಭಾಗ. ಹಸಿ ಮಣ್ಣು ತುಂಬಿದರೂ ಅರ್ಧ ಕಿಲೋ ಆಸುಪಾಸು. ಸಿಲಿಂಡರ್ ಬೂಮಿನ ಬುಡಕ್ಕೆ ಹತ್ತಿರದಲ್ಲಿರುವುದರಿಂದ ಅದರ ಬಲದ ಆರನೆಯ ಒಂದು ಪಾಲಷ್ಟೇ ಬಕೆಟ್ಟಿನ ತುದಿಗೆ ತಲುಪುತ್ತದೆ ಎಂದುಕೊಂಡರೂ ಎರಡು ಬೂಮ್ ಸಿಲಿಂಡರುಗಳು ಸೇರಿ ಎಂಟು ಕಿಲೋ ಎತ್ತುತ್ತವೆ, ಅದರಲ್ಲಿ ಬೂಮಿನ ಸ್ವಂತ ಭಾರ ಕಳೆದರೂ ಕೆಲಸಕ್ಕೆ ಧಾರಾಳವಾಗಿ ಉಳಿಯುತ್ತದೆ. ಹಾಗಾಗಿ ‘60 ಬಾರ್ ಪಂಪ್’ ಎಂಬ ಹೆಗ್ಗಳಿಕೆಗೆ ಹೆಚ್ಚು ಹಣ ಕೊಡಬೇಡಿ. ಹೆಚ್ಚಿನ ಒತ್ತಡ ಸೀಲುಗಳ ಆಯಸ್ಸನ್ನು ತಿನ್ನುತ್ತದೆಯೇ ಹೊರತು ಈ ಗಾತ್ರದ ಯಂತ್ರಕ್ಕೆ ಬೇರೆ ಉಪಕಾರ ಮಾಡುವುದಿಲ್ಲ.

ಬಲ ಒತ್ತಡದಿಂದ ಬಂದರೆ ವೇಗ ಹರಿವಿನಿಂದ ಬರುತ್ತದೆ. 10 ಮಿ.ಮೀ. ಒಳವ್ಯಾಸ, 80 ಮಿ.ಮೀ. ಓಟದ ಎರಡು ಬೂಮ್ ಸಿಲಿಂಡರುಗಳು ತುಂಬಲು ಸುಮಾರು 12.6 ಮಿ.ಲೀ. ಎಣ್ಣೆ ಬೇಕು. ನಿಮಿಷಕ್ಕೆ 400 ಮಿ.ಲೀ. ಕೊಡುವ ಪಂಪ್ ಬೂಮನ್ನು ಕೆಳಗಿನಿಂದ ಮೇಲಕ್ಕೆ ಎರಡೇ ಸೆಕೆಂಡಿನಲ್ಲಿ ಎತ್ತಿಬಿಡುತ್ತದೆ. ದೊಡ್ಡ ಯಂತ್ರಕ್ಕೇ ಅದಕ್ಕೆ ಮೂರು ಸೆಕೆಂಡಿನಷ್ಟು ಬೇಕು. ನಿಧಾನವಾಗಿ ಚಲಿಸುವ ಮಾದರಿಯೇ ಕಣ್ಣಿಗೆ ಭಾರವಾದ ಯಂತ್ರದಂತೆ ಕಾಣುವುದರಿಂದ ಅತಿ ಹೆಚ್ಚು ಹರಿವಿನ ಪಂಪನ್ನು ಹುಡುಕಬೇಕಾಗಿಲ್ಲ. ಕಡಿಮೆ ವೇಗದಲ್ಲಿಯೂ ಏರಿಳಿತವಿಲ್ಲದೆ ಓಡುವ ಪಂಪ್ ಮುಖ್ಯ. ಬ್ರಷ್‌ಲೆಸ್ ಮೋಟಾರ್ ಜೋಡಿಸಿದ ಗೇರ್ ಪಂಪ್ ಇಂದು ಸಾಮಾನ್ಯ. ಮಾರುವವರ ವಿಡಿಯೊದಲ್ಲಿ ಧ್ವನಿ ತೆಗೆದುಹಾಕಿರದಿದ್ದರೆ ಅದರ ಸದ್ದನ್ನು ಗಮನವಿಟ್ಟು ಕೇಳಿ: ಸಮವಾದ ಗುಂಯ್‌ಗುಡುವಿಕೆ ಒಳ್ಳೆಯದು, ಕರಕರ ಸದ್ದು ಗಾಳಿ ಸೇರಿದ್ದರ ಅಥವಾ ಗೇರು ಸವೆದಿದ್ದರ ಸೂಚನೆ.

ವಾಲ್ವ್ ಬ್ಲಾಕ್ ಇಡೀ ಯಂತ್ರದ ಹೃದಯ. ಪ್ರತಿ ಸೆಕ್ಷನ್ನಿನೊಳಗಿನ ಸ್ಪೂಲ್ ಎಂಬ ಸಣ್ಣ ದಂಡವನ್ನು ಸರ್ವೋ ಎಂಬ, ರಿಮೋಟಿನ ಆಜ್ಞೆಯಂತೆ ಚಲಿಸುವ ಪುಟ್ಟ ಮೋಟಾರು ಮುಂದಕ್ಕೂ ಹಿಂದಕ್ಕೂ ಸರಿಸುತ್ತದೆ. ಎಲ್ಲ ಲಿವರುಗಳೂ ನಡುವೆ ನಿಂತಿರುವಾಗ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಮಾರುವವರನ್ನು ಕೇಳಿ. ಕೆಲವು ಬ್ಲಾಕ್‌ಗಳಲ್ಲಿ ಅದು ಸಲೀಸಾಗಿ ಟ್ಯಾಂಕಿಗೆ ಮರಳುತ್ತದೆ. ಇನ್ನು ಕೆಲವದರಲ್ಲಿ ದಾರಿ ಮುಚ್ಚಿರುವುದರಿಂದ ರಿಲೀಫ್ ವಾಲ್ವನ್ನು ದೂಡಿಕೊಂಡೇ ಹೋಗಬೇಕು, ಆಗ ಯಂತ್ರ ಸುಮ್ಮನೆ ನಿಂತಿದ್ದರೂ ಎಣ್ಣೆ ಬಿಸಿಯಾಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಎರಡನೆಯ ಬಗೆಯಾದರೆ ಲಿವರ್ ಮುಟ್ಟಿದಾಗ ಮಾತ್ರ ಪಂಪ್ ವೇಗ ಹೆಚ್ಚುವಂತೆ ರಿಮೋಟಿನಲ್ಲಿ ಮಿಕ್ಸಿಂಗ್ (ಒಂದು ಲಿವರಿನಿಂದ ಎರಡು ಕೆಲಸ ನಡೆಸುವ) ವ್ಯವಸ್ಥೆ ಇರಲೇಬೇಕು.

ಇನ್ನೊಂದು ವಿಷಯವನ್ನು ಮೊದಲೇ ತಿಳಿದಿದ್ದರೆ ಯಂತ್ರ ಕೆಟ್ಟಿದೆ ಎಂಬ ವೃಥಾ ಆತಂಕ ತಪ್ಪುತ್ತದೆ. ಸರಳವಾದ ವಾಲ್ವ್‌ಗಳಲ್ಲಿ ಎರಡು ಚಲನೆಗಳನ್ನು ಒಟ್ಟಿಗೆ ಕೊಟ್ಟಾಗ ಎಣ್ಣೆ ಹಗುರವಾದ ಕಡೆಗೇ ಓಡುತ್ತದೆ. ಬಕೆಟ್ ಸುತ್ತಿಕೊಳ್ಳುತ್ತದೆ, ಭಾರವಾದ ಬೂಮ್ ನಿಂತೇಬಿಡುತ್ತದೆ. ಹಗುರವಾದ ಚಲನೆಯ ಲಿವರನ್ನು ಅರ್ಧಕ್ಕೆ ಹಿಡಿದು ಭಾರವಾದದ್ದನ್ನು ಪೂರ್ತಿ ಕೊಡುವ ಹದ ಕೈಗೆ ಬರುವುದಕ್ಕೆ ಕೆಲವು ವಾರ ಬೇಕು, ಮತ್ತು ಆ ಹದವೇ ಈ ಹವ್ಯಾಸದ ನಿಜವಾದ ಸುಖ.

ಸಿಲಿಂಡರುಗಳಲ್ಲಿ ನೋಡಬೇಕಾದದ್ದು ಒಂದೇ: ತುದಿಯ ಮುಚ್ಚಳ ತಿರುಪಿನದೋ, ಒತ್ತಿ ಕೂಡಿಸಿದ್ದೋ. ತಿರುಪಿನದಾದರೆ ಬಿಚ್ಚಿ ಓ-ರಿಂಗ್ (ಸೀಲಿನ ರಬ್ಬರ್ ಉಂಗುರ) ಬದಲಿಸಬಹುದು. ಒತ್ತಿ ಕೂಡಿಸಿದ್ದಾದರೆ ಸೋರಿದ ದಿನ ಇಡೀ ಸಿಲಿಂಡರನ್ನೇ ತರಿಸಬೇಕು. ನನ್ನ ಮಟ್ಟಿಗೆ ಇದೊಂದೇ ವಿವರ ಎರಡು ಯಂತ್ರಗಳ ನಡುವೆ ತೀರ್ಮಾನ ಮಾಡಲು ಸಾಕು.

ತಿರುಗುವ ಭಾಗವನ್ನೂ ಮರೆಯಬೇಡಿ. ಬ್ಯಾಟರಿ ಮೇಲಿರುತ್ತದೆ, ಚೈನಿನ ಮೋಟಾರು ಕೆಳಗಿರುತ್ತದೆ. ನಡುವಿನ ತಂತಿಗಳು ಸ್ಲಿಪ್ ರಿಂಗ್ (ತಿರುಗುತ್ತಲೇ ವಿದ್ಯುತ್ ದಾಟಿಸುವ ಕೀಲು) ಮೂಲಕ ಹಾದುಹೋದರೆ ಯಂತ್ರ ಎಷ್ಟು ಸುತ್ತು ಬೇಕಾದರೂ ತಿರುಗಬಹುದು. ಸ್ಲಿಪ್ ರಿಂಗ್ ಇಲ್ಲದಿದ್ದರೆ ಕೆಲವು ಸುತ್ತಿನಲ್ಲೇ ತಂತಿ ಹೊಸೆದುಕೊಂಡು ಕಡಿದುಹೋಗುತ್ತದೆ.

ಐದನೆಯ ಹೆಜ್ಜೆ: ರಿಮೋಟ್ ಮತ್ತು ಬ್ಯಾಟರಿ

ಬೂಮ್, ಆರ್ಮ್, ಬಕೆಟ್, ತಿರುಗುವಿಕೆ, ಎಡ ಚೈನು, ಬಲ ಚೈನು, ಪಂಪ್ ಎಂದರೆ, ಒಂದು ಕೆಲಸಕ್ಕೆ ರಿಮೋಟಿನ ಒಂದು ಚಾನೆಲ್‌ನಂತೆ, ಏಳು ಚಾನೆಲ್‌ಗಳು ಆಗಲೇ ಮುಗಿದವು. ದೀಪ ಮತ್ತು ಧ್ವನಿಗೆ ಇನ್ನೆರಡು. ಆದ್ದರಿಂದ ಆರು ಚಾನೆಲ್‌ನ ರಿಮೋಟ್ ಸಾಲದು. ಹತ್ತು ಚಾನೆಲ್‌ನ ಫ್ಲೈಸ್ಕೈ ಎಫ್‌ಎಸ್-ಐ6ಎಸ್ ಆರಂಭಕ್ಕೆ ಸಾಕಾಗುತ್ತದೆ, ಹದಿನೆಂಟು ಚಾನೆಲ್‌ನ ಪಿಎಲ್18 ಮುಂದಿನ ಬೆಳವಣಿಗೆಗೂ ಜಾಗ ಬಿಡುತ್ತದೆ. ಮಾದರಿ ವಿಮಾನದ ರಿಮೋಟುಗಳಲ್ಲಿ ಥ್ರಾಟಲ್ ಕಡ್ಡಿ, ಅಂದರೆ ವೇಗದ ಲಿವರ್, ಬಿಟ್ಟಲ್ಲೇ ನಿಲ್ಲುತ್ತದೆ; ಎಕ್ಸ್‌ಕವೇಟರ್‌ಗೆ ಅದು ಅಪಾಯಕಾರಿ, ಎರಡೂ ಕಡ್ಡಿಗಳು ನಡುವಿಗೆ ಮರಳುವಂತಿರಬೇಕು.

ಕಡ್ಡಿಗಳ ಜೋಡಣೆಯನ್ನು ಮೊದಲ ದಿನದಿಂದಲೇ ದೊಡ್ಡ ಯಂತ್ರಗಳ ಐಎಸ್‌ಒ (ಅಂತಾರಾಷ್ಟ್ರೀಯ ಮಾನಕ) ಪದ್ಧತಿಗೆ ಹೊಂದಿಸಿಕೊಳ್ಳಿ: ಎಡಗೈಯಲ್ಲಿ ತಿರುಗುವಿಕೆ ಮತ್ತು ಆರ್ಮ್, ಬಲಗೈಯಲ್ಲಿ ಬೂಮ್ ಮತ್ತು ಬಕೆಟ್. ಕೆಲಸದ ಜಾಗದಲ್ಲಿ ಅನುಭವಿ ಆಪರೇಟರ್ ಒಬ್ಬರ ಕೈಗಳನ್ನು ಹತ್ತು ನಿಮಿಷ ಗಮನಿಸಿದರೆ ಸಿಗುವ ಪಾಠ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ಹೊರವಲಯದ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಎಕ್ಸ್‌ಕಾನ್ ಮೇಳ ದೊಡ್ಡ ಯಂತ್ರಗಳ ಕೊಳವೆಗಳನ್ನೂ ಪಿನ್ನುಗಳನ್ನೂ ಹತ್ತಿರದಿಂದ ನೋಡಲು ಒಳ್ಳೆಯ ಅವಕಾಶ.

ಬ್ಯಾಟರಿಯ ಅಗತ್ಯವನ್ನೂ ಊಹಿಸಬೇಕಾಗಿಲ್ಲ. 3 ಮೆಗಾಪ್ಯಾಸ್ಕಲ್ ಒತ್ತಡ ಮತ್ತು ನಿಮಿಷಕ್ಕೆ 400 ಮಿ.ಲೀ. ಹರಿವನ್ನು ಗುಣಿಸಿದರೆ 20 ವ್ಯಾಟ್. ಪಂಪ್ ಮತ್ತು ಮೋಟಾರಿನ ನಷ್ಟಗಳನ್ನು ಸೇರಿಸಿ 50 ವ್ಯಾಟ್ ಎಂದಿಟ್ಟುಕೊಳ್ಳಿ. ಮೂರು ಸೆಲ್‌ನ, 11.1 ವೋಲ್ಟಿನ, 5000 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ 55 ವ್ಯಾಟ್-ಗಂಟೆ ಇರುವುದರಿಂದ ಮುಕ್ಕಾಲು ಗಂಟೆಯ ಕೆಲಸ ನಿರಾತಂಕವಾಗಿ ಸಿಗುತ್ತದೆ. ಸೆಲ್ ಒಂದಕ್ಕೆ 3.5 ವೋಲ್ಟಿಗೆ ಇಳಿದಾಗ ನಿಲ್ಲಿಸಿ, ಕಪಾಟಿನಲ್ಲಿಡುವಾಗ 3.8 ವೋಲ್ಟಿನಲ್ಲಿಡಿ, ಬೆಂಕಿ ತಡೆಯುವ ಚೀಲದೊಳಗೆ ಎದುರಿಗೇ ಕೂತು ಚಾರ್ಜ್ ಮಾಡಿ. ಇದರಲ್ಲಿ ರಿಯಾಯಿತಿ ಬೇಡ.

ಆರನೆಯ ಹೆಜ್ಜೆ: ಎಲ್ಲಿಂದ, ಯಾವ ರೂಪದಲ್ಲಿ

ಪೂರ್ತಿ ಬಿಡಿಯಾದ ಕಿಟ್, ರಿಮೋಟ್ ಇಲ್ಲದೆ ಜೋಡಿಸಿ ಬಂದದ್ದು, ಬ್ಯಾಟರಿ ಹಾಕಿದರೆ ಓಡುವಂಥದ್ದು ಎಂದು ಮೂರು ರೂಪಗಳಲ್ಲಿ ಯಂತ್ರಗಳು ಸಿಗುತ್ತವೆ. ಲೇತ್, ಟ್ಯಾಪ್, ಬಣ್ಣದ ಗನ್ನು ಕೈಯಲ್ಲಿ ಆಡಿಸಿದ ಅನುಭವವಿದ್ದವರಿಗೆ ಕಿಟ್ ಬಲು ಚೆನ್ನು. ಉಳಿದವರು ಮೂರನೆಯದನ್ನು ಕೊಂಡು, ಮೊದಲ ತಿಂಗಳಲ್ಲೇ ಹುಡ್ಡನ್ನು ತೆಗೆದು ಪ್ರತಿ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಭಾರತದಲ್ಲಿರುವವರು ಬಹುತೇಕ ವಿದೇಶದಿಂದಲೇ ತರಿಸಬೇಕಾಗುತ್ತದೆ, ಮತ್ತು ಹೈಡ್ರಾಲಿಕ್ ಯಂತ್ರವೊಂದರ ಒಟ್ಟು ಖರ್ಚು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಲು ನಮ್ಮಲ್ಲಿ ಪರವಾನಗಿ ಬೇಡ; ಆದರೆ ಆ ತರಂಗದ ಉಪಕರಣವನ್ನು ಆಮದು ಮಾಡುವಾಗ ಇಟಿಎ ಎಂಬ ಮಾದರಿ ಅನುಮೋದನೆಯ ಪ್ರಶ್ನೆ ಕಸ್ಟಮ್ಸ್‌ನಲ್ಲಿ ಏಳುತ್ತದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ, ಬಿಲ್ಲಿನಲ್ಲಿ ‘ಆಟಿಕೆ’ ಎಂದು ಬರೆದು ಬಂದ ವಯಸ್ಕರ ಮಾದರಿ ಯಂತ್ರ ಅಲ್ಲೇ ಸಿಕ್ಕಿಕೊಳ್ಳಬಹುದು; ಸರಕಿನ ವಿವರ ನಿಜವಾದದ್ದೇ ಇರುವಂತೆ ಕಳುಹಿಸುವವರಿಗೆ ಮೊದಲೇ ಬರೆಯಿರಿ. ಲಿಪೊ ಬ್ಯಾಟರಿ ವಿಮಾನದಲ್ಲಿ ಅಪಾಯಕಾರಿ ಸರಕು, ಅದನ್ನು ಇಲ್ಲಿಯೇ ಕೊಳ್ಳಿ. ಬಜೆಟ್ಟಿನ ಕಾಲು ಭಾಗವನ್ನು ಸುಂಕ, ಬ್ಯಾಟರಿ, ಚಾರ್ಜರ್, ಎಣ್ಣೆ ಮತ್ತು ಉಪಕರಣಗಳಿಗೆ ಎತ್ತಿಡುವುದು ನನ್ನ ರೂಢಿ.

ಯಂತ್ರದ ಜೊತೆಗೇ ಒಂದು ಜೊತೆ ಸೀಲ್, ಎರಡು ಮೀಟರ್ ಕೊಳವೆ, ನಾಲ್ಕಾರು ಫಿಟ್ಟಿಂಗ್ ಮತ್ತು ಒಂದು ಹೆಚ್ಚುವರಿ ಸರ್ವೋ ತರಿಸಿಕೊಳ್ಳಿ. ಆಮೇಲೆ ಹತ್ತು ರೂಪಾಯಿಯ ರಿಂಗಿಗಾಗಿ ಮೂರು ವಾರ ಕಾಯುವುದು ನೋವಿನ ಸಂಗತಿ. ಮಿಲಿಮೀಟರ್ ಅಳತೆಯ ಓ-ರಿಂಗುಗಳು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಅಂಗಡಿಗಳಲ್ಲಿ, ತಂತಿ ಮತ್ತು ಕನೆಕ್ಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ಗಾಳಿಯ ಉಪಕರಣಗಳ ಅಂಗಡಿಯಲ್ಲಿ ಸಿಗುವ 4 ಮಿ.ಮೀ. ನೀಲಿ ಪಿಯು (ಪಾಲಿಯುರೆಥೇನ್) ಕೊಳವೆಯನ್ನು ನೋಡಿ ಮೋಸಹೋಗಬೇಡಿ. ಅಳತೆ ಸರಿಹೊಂದುತ್ತದೆ, ಆದರೆ ಅದು 8–10 ಬಾರ್ ಗಾಳಿಗೆ ಮಾಡಿದ್ದು. 30 ಬಾರ್ ಎಣ್ಣೆಗೆ ಅದು ಉಬ್ಬಿ ಒಡೆಯಬಹುದು.

ಏಳನೆಯ ಹೆಜ್ಜೆ: ಬಳಸಿದ ಯಂತ್ರವಾದರೆ ಪರೀಕ್ಷಿಸುವ ಕ್ರಮ

ನನ್ನ ಮೊದಲ ಯಂತ್ರ ಬಳಸಿದ್ದು. ಚಿತ್ರಗಳಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಮನೆಗೆ ಬಂದ ಎರಡನೆಯ ವಾರ ಎಲ್ಲ ಸಿಲಿಂಡರುಗಳೂ ಬಿಗಿಯತೊಡಗಿದವು. ಬಿಚ್ಚಿ ನೋಡಿದಾಗ ಒಳಗಿದ್ದದ್ದು ಬ್ರೇಕ್ ದ್ರವ. ಗ್ಲೈಕಾಲ್ ಆಧಾರದ ಬ್ರೇಕ್ ದ್ರವದಲ್ಲಿ ನೈಟ್ರೈಲ್ ರಬ್ಬರಿನ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ. ಪ್ರತಿಯೊಂದು ಸೀಲನ್ನೂ ಬದಲಿಸಬೇಕಾಯಿತು. ಆ ಅನುಭವದಿಂದ ಕಲಿತ ಕ್ರಮ ಇದು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಎಣ್ಣೆ ಬೀಳಿಸಿ: ತಿಳಿಯಾಗಿದ್ದರೆ ಸರಿ, ಹಾಲಿನಂತಿದ್ದರೆ ನೀರು ಅಥವಾ ಗಾಳಿ ಸೇರಿದೆ, ಮಿನುಗುವ ಕಣಗಳಿದ್ದರೆ ಪಂಪ್ ಸವೆಯುತ್ತಿದೆ. ರಾಡುಗಳ ಉದ್ದಕ್ಕೂ ಉಗುರು ಆಡಿಸಿ. ಉಗುರಿಗೆ ಸಿಕ್ಕುವ ಗೀರು ಸೀಲನ್ನು ಕೊಯ್ಯುತ್ತದೆ. ಬಕೆಟ್ಟಿನ ಹಲ್ಲುಗಳನ್ನು ಹಿಡಿದು ಅಲ್ಲಾಡಿಸಿದರೆ ಪಿನ್ನುಗಳ ಸಡಿಲು ತಿಳಿಯುತ್ತದೆ. ಬಳಿಕ ಬೂಮನ್ನು ಪೂರ್ತಿ ಎತ್ತಿ, ಪಂಪ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಎಷ್ಟು ಇಳಿದಿದೆ ಎಂದು ಅಳೆಯಿರಿ. ಸ್ಪೂಲ್ ವಾಲ್ವ್‌ಗಳಲ್ಲಿ ಅತಿಸಣ್ಣ ಸಂದು ಇದ್ದೇ ಇರುವುದರಿಂದ ನಿಧಾನವಾದ ಇಳಿತ ದೋಷವಲ್ಲ. ಕಣ್ಣಿಗೆ ಕಾಣುವಂತೆ ಕುಸಿದರೆ, ಹೊರಗೆಲ್ಲೂ ಹನಿ ಇಲ್ಲದಿದ್ದರೆ, ಸೋರಿಕೆ ಒಳಗಿದೆ. ಬೂಮಿನ ಎರಡು ಕೊಳವೆಗಳನ್ನು ಬೇರೊಂದು ಸೆಕ್ಷನ್ನಿಗೆ ಜೋಡಿಸಿ ಮತ್ತೆ ನೋಡಿ. ಕುಸಿತ ನಿಂತರೆ ದೋಷ ವಾಲ್ವ್‌ನದು, ಮುಂದುವರಿದರೆ ಪಿಸ್ಟನ್ ಸೀಲಿನದು. ಸೀಲ್ ಅಗ್ಗ, ವಾಲ್ವ್ ದುಬಾರಿ. ಬೆಲೆಯ ಚೌಕಾಸಿ ಇದರ ಮೇಲೆ ನಡೆಯಲಿ.

ಎಂಟನೆಯ ಹೆಜ್ಜೆ: ಎಣ್ಣೆ ತುಂಬಿ ಮೊದಲ ಚಾಲನೆ

ತಯಾರಕರು ಬೇರೆ ಹೇಳದಿದ್ದರೆ ಐಎಸ್‌ಒ ವಿಜಿ 32 ದರ್ಜೆಯ (ಅಂಕಿ ಹೆಚ್ಚಾದಷ್ಟೂ ಎಣ್ಣೆ ಮಂದ) ಹೈಡ್ರಾಲಿಕ್ ಎಣ್ಣೆ ಬಳಸಿ. ಬಿಸಿಲ ನಾಡಿನಲ್ಲಿ, ಕಲಬುರಗಿ ರಾಯಚೂರಿನ ಬೇಸಿಗೆಯಲ್ಲಿ, ವಿಜಿ 46 ಕೂಡ ನಡೆಯುತ್ತದೆ. ಅಡುಗೆ ಎಣ್ಣೆ ಕಾಲಕ್ರಮೇಣ ಅಂಟಾಗಿ ಸ್ಪೂಲನ್ನು ಹಿಡಿಯುತ್ತದೆ, ಬೇಡ. ಎಣ್ಣೆಯನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿ ತುಂಬಿ. ಎಲ್ಲ ಸಿಲಿಂಡರುಗಳನ್ನೂ ಒಳಕ್ಕೆ ಎಳೆದಿಟ್ಟೇ ಮಟ್ಟ ನೋಡಬೇಕು. ರಾಡ್ ಹೊರಬಂದಾಗ ಸಿಲಿಂಡರ್ ಹೆಚ್ಚು ಎಣ್ಣೆ ಹಿಡಿಯುವುದರಿಂದ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಆಗ ತುಂಬಿದರೆ ರಾಡ್ ಒಳಹೋದಾಗ ಉಕ್ಕಿ ಚೆಲ್ಲುತ್ತದೆ.

ಮೊದಲು ರಿಮೋಟ್, ಆಮೇಲೆ ಯಂತ್ರ. ನಿಲ್ಲಿಸುವಾಗ ಇದರ ಹಿಮ್ಮುಖ. ಸಂಕೇತ ತಪ್ಪಿದಾಗ ಪಂಪ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ. ಪಂಪಿನ ತಿರುಗುವ ದಿಕ್ಕನ್ನು ಒಂದೇ ಕ್ಷಣ ಚಾಲೂ ಮಾಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಗೇರ್ ಪಂಪ್ ಉಲ್ಟಾ ತಿರುಗಿದರೆ ಒತ್ತಡ ಶಾಫ್ಟ್ ಸೀಲಿನ ಕಡೆ ಬಿದ್ದು ಅದನ್ನು ಹೊರಗೆ ದೂಡಿಬಿಡುತ್ತದೆ. ಆಮೇಲೆ ಪಂಪನ್ನು ನಿಧಾನವಾಗಿ ಓಡಿಸುತ್ತ, ಬಕೆಟ್ ಖಾಲಿಯಿರುವಾಗಲೇ, ಪ್ರತಿ ಸಿಲಿಂಡರನ್ನು ಹತ್ತು ಹದಿನೈದು ಸಲ ಪೂರ್ತಿ ಹೊರಗೆ ಒಳಗೆ ಆಡಿಸಿ. ಟ್ಯಾಂಕಿನ ನೊರೆ ಅಡಗಿದ ಮೇಲೆ ಗಾಳಿ ಹೋಗಿದೆ ಎಂದರ್ಥ.

ಪಂಪ್ ಓಡುತ್ತಿರುವಾಗ ಯಾವ ಲಿವರನ್ನೂ ಮುಟ್ಟದಿದ್ದರೂ ಬೂಮ್ ತೆವಳುತ್ತಿದ್ದರೆ ಆ ಸರ್ವೋದ ನಡುಬಿಂದುವನ್ನು ರಿಮೋಟಿನಲ್ಲಿ ಟ್ರಿಮ್ ಮಾಡಿ, ಅಂದರೆ ತುಸು ಸರಿಸಿ ಹೊಂದಿಸಿ. ಲಿವರ್ ಕೊನೆಗೆ ಒಯ್ದಾಗ ಸರ್ವೋ ಗುಯ್‌ಗುಟ್ಟಿದರೆ ಸ್ಪೂಲ್ ತನ್ನ ತುದಿ ಮುಟ್ಟಿದ ಮೇಲೂ ಸರ್ವೋ ದೂಡುತ್ತಿದೆ ಎಂದು ತಿಳಿದು ರಿಮೋಟಿನ ಎಂಡ್ ಪಾಯಿಂಟ್ (ಸರ್ವೋ ಸರಿಯುವ ಮಿತಿ) ಇಳಿಸಿ. ಇಲ್ಲದಿದ್ದರೆ ಸರ್ವೋ ಸುಟ್ಟುಹೋಗುತ್ತದೆ. ರಿಲೀಫ್ ವಾಲ್ವನ್ನು ಒತ್ತಡದ ಮಾಪಕವಿಲ್ಲದೆ ಬಿಗಿಯಬೇಡಿ. ಕೆಳಗಿನಿಂದ ಆರಂಭಿಸಿ ಕಾಲು ಸುತ್ತಿನಂತೆ ಏರಿಸಿ, ತುಂಬಿದ ಬಕೆಟ್ ಸಲೀಸಾಗಿ ಎದ್ದ ಕೂಡಲೇ ನಿಲ್ಲಿಸಿ.

ಫಿಟ್ಟಿಂಗ್ ಸೋರಿದರೆ ಟೆಫ್ಲಾನ್ ಟೇಪ್ ಸುತ್ತುವ ಪ್ರಲೋಭನೆ ಬರುತ್ತದೆ. ಅದರ ಚೂರು ಕಳಚಿ ಸ್ಪೂಲಿನಲ್ಲಿ ಸಿಕ್ಕಿಕೊಳ್ಳುವುದರಿಂದ ಓ-ರಿಂಗ್ ಅಥವಾ ತಾಮ್ರದ ವಾಷರನ್ನೇ ಬದಲಿಸಿ. ಸೋರುವ ಜಾಗವನ್ನು ಹುಡುಕಲು ಬೆರಳು ಆಡಿಸದೆ ಕಾಗದದ ಚೂರನ್ನು ಆಡಿಸಿ, ಕಣ್ಣಿಗೆ ಕನ್ನಡಕವಿರಲಿ.

ಒಂಬತ್ತನೆಯ ಹೆಜ್ಜೆ: ಮಣ್ಣು

ನಮ್ಮ ಕೆಂಪು ಮಣ್ಣು ಒಣಗಿದಾಗ ಇಟ್ಟಿಗೆಯಷ್ಟು ಗಟ್ಟಿ. ಅದನ್ನು ಸೊಳ್ಳೆಪರದೆಯಂಥ ಜಾಲರಿಯಲ್ಲಿ ಜರಡಿ ಹಿಡಿದು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಒಡೆಯುವಷ್ಟು ಮಾತ್ರ ನೀರು ಚಿಮುಕಿಸಿದರೆ ಬಕೆಟ್ಟಿಗೆ ಹೇಳಿಮಾಡಿಸಿದಂತಿರುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಹಸಿಯಾದಾಗ ಚೈನಿಗೆ ಮೆತ್ತಿಕೊಂಡು ಮೋಟಾರನ್ನು ದಣಿಸುತ್ತದೆ. ಎಂ-ಸ್ಯಾಂಡ್ ಬೇಡವೇ ಬೇಡ, ಅದರ ಚೂಪು ಪುಡಿ ರಾಡಿನ ಸೀಲಿಗೂ ಪಿನ್ನಿಗೂ ಅರದಂತೆ ಕೆಲಸ ಮಾಡುತ್ತದೆ. ಮನೆಯೊಳಗೆ ಧೂಳು ಬೇಡವೆನ್ನುವವರಿಗೆ ತೆಂಗಿನ ನಾರಿನ ಪುಡಿ ಇದೆ. ಹಗುರವಾದ್ದರಿಂದ ಕೈ ಪಳಗಿಸಲು ಒಳ್ಳೆಯದು.

ಪ್ರತಿ ಸಲ ಕೆಲಸ ಮುಗಿದ ಮೇಲೆ ರಾಡುಗಳನ್ನು ಹೊರಕ್ಕೆ ಚಾಚಿ, ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಉದುರಿಸಿ, ಹನಿ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಆಮೇಲಷ್ಟೇ ಒಳಕ್ಕೆ ಎಳೆದುಕೊಳ್ಳಿ. ಬಕೆಟ್ಟನ್ನು ನೆಲಕ್ಕೆ ಊರಿ, ಪಂಪ್ ನಿಲ್ಲಿಸಿ, ಲಿವರುಗಳನ್ನು ಒಮ್ಮೆ ಎಲ್ಲ ಕಡೆ ಆಡಿಸಿ ಕೊಳವೆಗಳ ಒತ್ತಡ ಬಿಡಿಸಿ, ಕೊನೆಗೆ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಯಂತ್ರದ ಕೆಳಗೆ ಒಂದು ಹಳೆಯ ಬಿಳಿ ಬಟ್ಟೆ ಹಾಸಿಟ್ಟರೆ ಮರುದಿನ ಬೆಳಿಗ್ಗೆ ಹನಿ ಬಿದ್ದಿದೆಯೇ, ಯಾವ ಕೊಳವೆಯ ನೇರಕ್ಕೆ ಬಿದ್ದಿದೆ ಎಂದು ಅದರ ಮೇಲೇ ಕಾಣುತ್ತದೆ.